ಜಾರುಬಂಡಿಯ ಹಿಂದೆ ನಡೆದ ಶಿಕ್ಷಕ: ಹಡ್ಸನ್ ಸ್ಟಕ್

ಬೋಧನಾಭ್ಯಾಸದ ಎರಡನೆಯ ವಾರ ಏಳನೆಯ ತರಗತಿಗೆ ತಾಪಮಾಪಕದ ಪಾಠ ಮಾಡುತ್ತಿದ್ದೆ. ಪಾದರಸ ಸುಮಾರು ಮೈನಸ್ 39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ಅತಿ ಚಳಿಯ ಪ್ರದೇಶಗಳಲ್ಲಿ ಆಲ್ಕೋಹಾಲ್ ತಾಪಮಾಪಕ ಬಳಸುತ್ತಾರೆ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಪಾದರಸವೇ ಗಟ್ಟಿಯಾಗುವ ಊರಿನಲ್ಲಿ ಜನ ಹೇಗೆ ಓಡಾಡುತ್ತಾರೆ ಎಂದು ಹುಡುಗಿಯೊಬ್ಬಳು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಮುಂದೆ ಹೋದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಅದೇ ಜಾಗಕ್ಕೆ ಕೆಂಪು ಗೆರೆ ಎಳೆದಿದ್ದರು.

ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಅವನ ಮನೆಯವರು ಕುರಿಗಾರರು. ಹಾಜರಾತಿ ಕಡಿಮೆ, ಬರವಣಿಗೆಯಲ್ಲಿ ತಪ್ಪು ಹೆಚ್ಚು. ಘಟಕ ಪರೀಕ್ಷೆ ಆದ ಮೇಲೆ ಪರಿಹಾರ ಬೋಧನೆಯ ಪಟ್ಟಿಯಲ್ಲಿ ಅವನ ಹೆಸರನ್ನು ಮೊದಲು ಬರೆದೆ. ಅವನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಹಡ್ಸನ್ ಸ್ಟಕ್. ಅವರು ಕ್ರೈಸ್ತ ಪಾದ್ರಿ. ನೂರು ವರ್ಷಗಳಿಗೂ ಹಿಂದೆ ಅಲಾಸ್ಕದ ಚಳಿಗಾಲದಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯೊಂದಿಗೆ ಊರೂರು ತಿರುಗಿದವರು. ಪರ್ವತಾರೋಹಣದ ಚರಿತ್ರೆಯಲ್ಲಿ ಅವರ ಹೆಸರು ಪ್ರಸಿದ್ಧ. ನಾನು ಇಲ್ಲಿ ಅವರನ್ನು ಒಬ್ಬ ಶಿಕ್ಷಕರಾಗಿ ಪರಿಚಯಿಸಲು ಬಯಸುತ್ತೇನೆ.

ಸ್ಟಕ್ ಹುಟ್ಟಿದ್ದು ಲಂಡನ್ನಿನಲ್ಲಿ. 1885ರಲ್ಲಿ ಇನ್ನೂ ಯುವಕರಾಗಿದ್ದಾಗ ಅಮೆರಿಕಕ್ಕೆ ಹೋಗಿ ಟೆಕ್ಸಾಸ್ ಸೇರಿದರು. ಅಲ್ಲಿ ದನ ಕಾಯುವ ಕೆಲಸ ಮಾಡಿದರು, ನಂತರ ಒಂದೇ ಕೋಣೆಯ ಶಾಲೆಗಳಲ್ಲಿ ಪಾಠ ಹೇಳಿದರು. ಎಲ್ಲ ವಯಸ್ಸಿನ ಮಕ್ಕಳು ಒಟ್ಟಿಗೆ ಕೂರುವ, ಒಬ್ಬರೇ ಶಿಕ್ಷಕರಿರುವ ಶಾಲೆ ಹೇಗಿರುತ್ತದೆ ಎಂಬುದು ನಮ್ಮ ಬಹುವರ್ಗ ಬೋಧನೆಯ ಘಟಕ ಓದಿದವರಿಗೆ ಗೊತ್ತು. ಆಮೇಲೆ ಟೆನೆಸಿ ರಾಜ್ಯದ ಸೆವಾನಿಯಲ್ಲಿರುವ ವಿಶ್ವವಿದ್ಯಾಲಯದಲ್ಲಿ ಓದಿ 1892ರಲ್ಲಿ ಶಿಕ್ಷಣ ಮುಗಿಸಿ, ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾದರು. ಡಲ್ಲಾಸ್ ನಗರದಲ್ಲಿದ್ದಾಗ ಗಿರಣಿ ಕೆಲಸಗಾರರಿಗಾಗಿ ರಾತ್ರಿ ಶಾಲೆ ತೆರೆದರು, ನಿರ್ಗತಿಕ ಮಕ್ಕಳಿಗೆ ಆಶ್ರಯ ಕಟ್ಟಿಸಿದರು. ಕಾರ್ಖಾನೆಗಳಲ್ಲಿ ಮಕ್ಕಳನ್ನು ದುಡಿಸುವುದರ ವಿರುದ್ಧ ಬಹಿರಂಗವಾಗಿ ಹೋರಾಡಿದರು. 1903ರಲ್ಲಿ ಟೆಕ್ಸಾಸ್ ಮೊದಲ ಬಾರಿಗೆ ಬಾಲಕಾರ್ಮಿಕ ವಿರೋಧಿ ಕಾನೂನು ಮಾಡಿದ್ದರಲ್ಲಿ ಅವರ ಪಾತ್ರ ದೊಡ್ಡದು.

ಮರುವರ್ಷವೇ, 1904ರಲ್ಲಿ, ನಗರದ ನೆಲೆಯಾದ ಬದುಕನ್ನು ಬಿಟ್ಟು ಅಲಾಸ್ಕಕ್ಕೆ ಹೊರಟರು. ಅವರಿಗೆ ಸಿಕ್ಕ ಹುದ್ದೆ ಯುಕಾನ್ ಪ್ರದೇಶದ ಆರ್ಚ್‌ಡೀಕನ್, ಅಂದರೆ ಬಿಷಪ್ಪರ ಕೆಳಗೆ ಒಂದು ಸೀಮೆಯ ಚರ್ಚು, ಶಾಲೆ, ಆಸ್ಪತ್ರೆಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ. ಆ ಸೀಮೆಯ ವಿಸ್ತಾರ ಸುಮಾರು 2,50,000 ಚದರ ಮೈಲಿ. ನಮ್ಮ ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು. ರಸ್ತೆ ಎನ್ನುವುದು ಬಹುತೇಕ ಇರಲಿಲ್ಲ. ಬೇಸಿಗೆಯಲ್ಲಿ ನದಿಯೇ ದಾರಿ, ಅದಕ್ಕೆ ಪೆಲಿಕನ್ ಎಂಬ ಮೋಟಾರು ದೋಣಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಅದೇ ನದಿಯ ಮೇಲೆ ಜಾರುಬಂಡಿ. ಒಂದೊಂದು ಚಳಿಗಾಲದಲ್ಲಿ 1,500ರಿಂದ 2,000 ಮೈಲಿ ಸಂಚಾರ. 1914ರಲ್ಲಿ ಅವರು ಪ್ರಕಟಿಸಿದ ಪ್ರವಾಸ ಗ್ರಂಥದ ಹೆಸರಿನಲ್ಲೇ ಹತ್ತು ಸಾವಿರ ಮೈಲಿ ಎಂದಿದೆ.

ಜಾರುಬಂಡಿ ಎಂದರೆ ಹತ್ತಿ ಕುಳಿತು ಹೋಗುವ ಗಾಡಿ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಬಂಡಿಯಲ್ಲಿ ಇರುವುದು ಗುಡಾರ, ಒಲೆ, ಹಾಸಿಗೆ, ಆಹಾರ, ನಾಯಿಗಳಿಗೆ ಒಣಮೀನು. ಮನುಷ್ಯ ನಡೆಯಬೇಕು. ಹೊಸ ಹಿಮ ಬಿದ್ದಿದ್ದರೆ ಒಬ್ಬರು ಮುಂದೆ ಹೋಗಿ, ಕಾಲು ಹೂತುಹೋಗದಂತೆ ಕಟ್ಟಿಕೊಂಡ ಅಗಲವಾದ ಹೆಣಿಗೆಯ ಪಾದುಕೆಗಳಿಂದ ಹಿಮವನ್ನು ತುಳಿದು ದಾರಿ ಮಾಡಬೇಕು. ಆಮೇಲೆ ನಾಯಿಗಳು ಎಳೆಯುತ್ತವೆ. ದೇಹದ ಮೇಲ್ಮೈಯ ಮೇಲೆ ಭಾರ ಹಂಚಿಹೋದಷ್ಟೂ ಒತ್ತಡ ಕಡಿಮೆ ಎಂಬ ನಮ್ಮ ಎಂಟನೆಯ ತರಗತಿಯ ಪಾಠ ಅಲ್ಲಿ ದಿನದ ಬದುಕು.

ಮಂಜುಗಡ್ಡೆ ಗಟ್ಟಿಯಾಗಿದ್ದರೆ ಅಪಾಯವಿಲ್ಲ ಎಂದೂ ನಾನು ಅಂದುಕೊಂಡಿದ್ದೆ. ನಿಜವಾದ ಅಪಾಯ ಬೇರೆ. ಚಳಿ ಹೆಚ್ಚಿದಂತೆ ನದಿ ತಳದವರೆಗೂ ಹೆಪ್ಪುಗಟ್ಟುತ್ತಾ ಬರುತ್ತದೆ. ಕೆಳಗೆ ಹರಿಯಲು ಜಾಗವಿಲ್ಲದ ನೀರು ಒತ್ತಡದಿಂದ ಮಂಜುಗಡ್ಡೆಯನ್ನು ಸೀಳಿ ಮೇಲೆ ಬಂದು ಹಿಮದಡಿಯಲ್ಲಿ ಅಡಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಬರೀ ಬಿಳುಪು. ಕಾಲಿಟ್ಟರೆ ನೀರು. ಮೈನಸ್ 45 ಡಿಗ್ರಿಯಲ್ಲಿ ಪಾದ ಒದ್ದೆಯಾದರೆ ಕೂಡಲೇ ಬೆಂಕಿ ಹಾಕಿ ಒಣಗಿಸಿಕೊಳ್ಳಬೇಕು, ಇಲ್ಲವಾದರೆ ಬೆರಳುಗಳು ಹೋಗುತ್ತವೆ. ಬೆರಳು ಮರಗಟ್ಟಿದ ಮೇಲೆ ಕಡ್ಡಿ ಗೀರುವುದಕ್ಕೂ ಆಗುವುದಿಲ್ಲ. ಒಣ ಕಟ್ಟಿಗೆ ಎಲ್ಲಿ ಸಿಗುತ್ತದೆ, ಯಾವ ಹಿಮದ ಕೆಳಗೆ ನೀರಿದೆ, ಯಾವ ದಿನ ಹೊರಡಬಾರದು ಎಂಬುದನ್ನು ಲಂಡನ್ನಿನಲ್ಲಿ ಕಲಿತ ಸ್ಟಕ್ ಯಾವ ಪುಸ್ತಕದಿಂದಲೂ ತಿಳಿದುಕೊಳ್ಳಲಾಗುತ್ತಿರಲಿಲ್ಲ. ಅದನ್ನು ಹೇಳಿಕೊಟ್ಟವರು ಆ ನೆಲದ ಅಥಾಬಾಸ್ಕನ್ ಮತ್ತು ಇನುಪಿಯಾಟ್ ಜನ. ಅವರಲ್ಲಿ ಅನೇಕರು ಹದಿಹರೆಯದ ಹುಡುಗರು. ತಾವು ಯಾರಿಗೆ ಓದು ಕಲಿಸಲು ಬಂದಿದ್ದರೋ ಅವರ ಬಳಿಯೇ ಸ್ಟಕ್ ದಾರಿ ಕಲಿತರು.

ಇದು ಅವರ ಶಿಕ್ಷಣ ವಿಚಾರವನ್ನೂ ರೂಪಿಸಿತು. ಕೊಯುಕುಕ್ ನದಿಯ ದಡದ ಅಲ್ಲಕಾಕೆಟ್‌ನಲ್ಲಿ ಅವರು ಒಂದು ಮಿಷನ್ ಮತ್ತು ಶಾಲೆ ಆರಂಭಿಸಿದರು. ಅಲ್ಲಿ ಅಥಾಬಾಸ್ಕನ್ ಮತ್ತು ಇನುಪಿಯಾಟ್ ಎರಡೂ ಸಮುದಾಯದವರು ಇದ್ದರು. ಭಾಷೆಗಳು ಬೇರೆ ಬೇರೆ. ಹೇಳಿದ್ದನ್ನು ಎರಡೂ ಭಾಷೆಗಳಿಗೆ ತಿರುಗಿಸಿ ಹೇಳುವ ಏರ್ಪಾಟು ಮಾಡಿಕೊಂಡಿದ್ದರು. ಅವರು ಹೆಚ್ಚಾಗಿ ನೆಲೆಸಿದ್ದ ಫೋರ್ಟ್ ಯುಕಾನ್‌ನಲ್ಲಿ ಗ್ವಿಚಿನ್ ಜನ ತಮ್ಮ ಭಾಷೆಯಲ್ಲೇ ಓದುತ್ತಿದ್ದರು, ಏಕೆಂದರೆ ಮೊದಲೇ ಅಲ್ಲಿ ದುಡಿದಿದ್ದ ರಾಬರ್ಟ್ ಮೆಕ್‌ಡೊನಾಲ್ಡ್ ಎಂಬ ಪಾದ್ರಿ ಆ ಭಾಷೆಗೆ ಬೈಬಲ್ಲನ್ನು ಅನುವಾದಿಸಿದ್ದರು. ತಾಯ್ನುಡಿಯನ್ನು ಬಿಡಿಸಿ ಮಕ್ಕಳನ್ನು ಬಿಳಿಯರ ನಕಲುಗಳನ್ನಾಗಿ ಮಾಡುವುದನ್ನು ಸ್ಟಕ್ ಒಪ್ಪಲಿಲ್ಲ. ಶಾಲೆಯಲ್ಲಿ ಓದಿದ ಹುಡುಗನಿಗೆ ಬೇಟೆ, ಬಲೆ, ಹಿಮಪಾದುಕೆ ಕಟ್ಟುವುದು ಬಾರದಿದ್ದರೆ ಆ ಶಾಲೆ ಅವನಿಗೆ ಅನ್ಯಾಯ ಮಾಡಿದೆ ಎಂಬುದು ಅವರ ನಿಲುವು. ಮದ್ಯ ಮಾರಿ ಈ ಜನರನ್ನು ಹಾಳುಮಾಡುತ್ತಿದ್ದ ಬಿಳಿಯರ ವಿರುದ್ಧವೂ, ಕೊನೆಯ ವರ್ಷಗಳಲ್ಲಿ ಯುಕಾನ್ ನದಿಯ ಮುಖದಲ್ಲಿ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬಲು ಬಂದ ಉದ್ಯಮದ ವಿರುದ್ಧವೂ ಅವರು ಸೆಣಸಿದರು. ಆ ಮೀನು ಹೋದರೆ ಮೇಲಿನ ಊರುಗಳ ಜನಕ್ಕೂ ನಾಯಿಗಳಿಗೂ ಚಳಿಗಾಲದ ಊಟವಿಲ್ಲ.

ಸ್ಟಕ್ ಅವರ ಶಿಷ್ಯರಲ್ಲಿ ಇಬ್ಬರ ಬಗ್ಗೆ ಹೇಳಲೇಬೇಕು. ಮೊದಲನೆಯವನು ವಾಲ್ಟರ್ ಹಾರ್ಪರ್. ತಂದೆ ಐರ್ಲೆಂಡಿನವರು, ತಾಯಿ ಕೊಯುಕಾನ್ ಅಥಾಬಾಸ್ಕನ್. ತಾಯಿಯ ಬಳಿಯೇ ಬೆಳೆದ ಹುಡುಗ. ಹದಿನಾರು ವರ್ಷದವರೆಗೆ ಶಾಲೆ ಇಲ್ಲ. ಆದರೆ ಬೇಟೆ, ಮೀನುಗಾರಿಕೆ, ದೋಣಿ, ನಾಯಿಬಂಡಿ ಎಲ್ಲದರಲ್ಲೂ ಪಳಗಿದ ಕೈ. ನೆನಾನಾ ಎಂಬಲ್ಲಿನ ಮಿಷನ್ ಶಾಲೆಗೆ ಅವನು ಬಂದಾಗ ಸ್ಟಕ್ ಗುರುತಿಸಿ, ಚಳಿಗಾಲದ ಸಂಚಾರಕ್ಕೆ ಜೊತೆಗಾರನಾಗಿ, ದುಭಾಷಿಯಾಗಿ ಕರೆದುಕೊಂಡರು. ಹಗಲೆಲ್ಲ ಹುಡುಗ ದಾರಿ ತೋರಿಸುತ್ತಿದ್ದ, ಸಂಜೆ ಗುಡಾರದಲ್ಲಿ ಒಲೆ ಹೊತ್ತಿಸಿದ ಮೇಲೆ ಸ್ಟಕ್ ಪಾಠ ಹೇಳುತ್ತಿದ್ದರು. ಗಟ್ಟಿಯಾಗಿ ಓದಿಸುವುದು, ಉಕ್ತಲೇಖನ, ಚರಿತ್ರೆ, ಭೂಗೋಳ, ಮುಂದೆ ಶೇಕ್ಸ್‌ಪಿಯರ್ ನಾಟಕಗಳು. ದಿನಕ್ಕೊಮ್ಮೆ ಗುರುಶಿಷ್ಯರು ಸ್ಥಾನ ಬದಲಿಸಿಕೊಳ್ಳುತ್ತಿದ್ದರು ಎನ್ನಬಹುದು.

1913ರಲ್ಲಿ ಸ್ಟಕ್, ಹ್ಯಾರಿ ಕಾರ್ಸ್ಟೆನ್ಸ್, ರಾಬರ್ಟ್ ಟೇಟಮ್ ಮತ್ತು ವಾಲ್ಟರ್ ಸೇರಿ ಉತ್ತರ ಅಮೆರಿಕದ ಅತಿ ಎತ್ತರದ ಡೆನಾಲಿ ಪರ್ವತವನ್ನು ಹತ್ತಿದರು. ಅದರ ಎತ್ತರ 20,310 ಅಡಿ. ಹಿಂದಿನ ವರ್ಷದ ಭೂಕಂಪದಲ್ಲಿ ಒಡೆದು ಚೂರಾಗಿದ್ದ ಏಣಿನ ಮೇಲೆ ವಾರಗಟ್ಟಲೆ ಮಂಜಿನಲ್ಲಿ ಮೆಟ್ಟಿಲು ಕಡಿಯಬೇಕಾಯಿತು. ಜೂನ್ 7ರಂದು ಶಿಖರದ ಮೇಲೆ ಮೊದಲು ಕಾಲಿಟ್ಟವನು ವಾಲ್ಟರ್. ಐವತ್ತರ ಹತ್ತಿರದ ಸ್ಟಕ್‌ಗೆ ಉಸಿರು ಸಾಲದೆ, ಕೊನೆಯ ಹೆಜ್ಜೆಗಳಲ್ಲಿ ಜೊತೆಗಾರರು ಕೈಹಿಡಿದು ಎಳೆದುಕೊಳ್ಳಬೇಕಾಯಿತು. ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಹಿಡಿಸಿದ ಸಂಗತಿ, ಅಷ್ಟು ಎತ್ತರಕ್ಕೂ ಅವರು ಪಾದರಸದ ವಾಯುಭಾರಮಾಪಕ ಮತ್ತು ಕುದಿಬಿಂದು ಅಳೆಯುವ ತಾಪಮಾಪಕ ಹೊತ್ತೊಯ್ದು ಅಲ್ಲಿ ಅಳತೆ ತೆಗೆದುಕೊಂಡರು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ತಾಪದಲ್ಲಿ ಕುದಿಯುತ್ತದೆ ಎಂಬುದನ್ನು ನಾವು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಸರ್ಕಾರ ಕೊಟ್ಟಿದ್ದ ಮೆಕಿನ್ಲಿ ಎಂಬ ಹೆಸರನ್ನು ಬಿಟ್ಟು ಆ ನೆಲದ ಜನ ಕರೆಯುವ ಡೆನಾಲಿ ಎಂಬ ಹೆಸರನ್ನೇ ಉಳಿಸಬೇಕೆಂದು ಸ್ಟಕ್ ವಾದಿಸಿದರು. 2015ರಲ್ಲಿ ಅಮೆರಿಕ ಸರ್ಕಾರ ಅದನ್ನು ಒಪ್ಪಿತು, 2025ರಲ್ಲಿ ಮತ್ತೆ ಬದಲಿಸಿತು.

ಎರಡನೆಯ ಶಿಷ್ಯ ಜಾನ್ ಫ್ರೆಡ್‌ಸನ್, ಗ್ವಿಚಿನ್ ಸಮುದಾಯದ ಹುಡುಗ. ಆ ಆರೋಹಣದ ವೇಳೆ ಕೆಳಗಿನ ಶಿಬಿರವನ್ನೂ ನಾಯಿಗಳನ್ನೂ 31 ದಿನ ಒಂಟಿಯಾಗಿ ಕಾದ. ತನ್ನ ಪಾಲಿನ ಸಕ್ಕರೆಯನ್ನು ತಿನ್ನದೆ, ಇಳಿದು ಬರುವವರಿಗಾಗಿ ಎತ್ತಿಟ್ಟಿದ್ದ. ಮುಂದೆ ಸ್ಟಕ್ ಓದಿದ್ದ ಸೆವಾನಿಯಲ್ಲೇ ಓದಿ 1930ರಲ್ಲಿ ಪದವಿ ಪಡೆದರು. ವಿಶ್ವವಿದ್ಯಾಲಯದ ಪದವಿ ಪಡೆದ ಮೊದಲ ಅಲಾಸ್ಕ ಮೂಲನಿವಾಸಿ ಅವರು. 1923ರಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಅವರಿಗೆ ಗ್ವಿಚಿನ್ ಭಾಷೆಯಲ್ಲಿ ಕಥೆಗಳನ್ನು ಹೇಳಿ ಬರೆಸಿದರು. ಊರಿಗೆ ಮರಳಿ ವೆನಿಟೈ ಎಂಬಲ್ಲಿ ಶಿಕ್ಷಕರಾದರು, ತಮ್ಮ ಜನರ ಭೂಮಿಯ ಹಕ್ಕಿಗಾಗಿ ದುಡಿದರು.

ವಾಲ್ಟರ್ ಕಥೆ ಹಾಗೆ ಮುಗಿಯಲಿಲ್ಲ. ಮ್ಯಾಸಚುಸೆಟ್ಸ್‌ನಲ್ಲಿ ಕೆಲವು ವರ್ಷ ಓದಿ ಬಂದ ಮೇಲೆ, 1917-18ರ ಚಳಿಗಾಲದಲ್ಲಿ ಗುರುಶಿಷ್ಯರು ಆರ್ಕ್ಟಿಕ್ ಕರಾವಳಿಯನ್ನು ಸುತ್ತಿದರು. ಫೋರ್ಟ್ ಯುಕಾನ್‌ನಿಂದ ಪಶ್ಚಿಮದ ಸಮುದ್ರತೀರಕ್ಕೆ ಹೋಗಿ, ಪಾಯಿಂಟ್ ಹೋಪ್, ಪಾಯಿಂಟ್ ಬ್ಯಾರೋ ದಾಟಿ, ಹರ್ಷೆಲ್ ದ್ವೀಪದ ಮೂಲಕ ಮರಳಿದರು. ದಾರಿಯುದ್ದಕ್ಕೂ ಗುಡಾರದ ಪಾಠ ನಡೆದೇ ಇತ್ತು, ಏಕೆಂದರೆ ವಾಲ್ಟರ್ ವೈದ್ಯನಾಗಿ ತನ್ನ ಜನರ ನಡುವೆ ಕೆಲಸ ಮಾಡಬೇಕೆಂದಿದ್ದ. 1918ರ ಸೆಪ್ಟೆಂಬರಿನಲ್ಲಿ ಅವನೂ ನರ್ಸ್ ಫ್ರಾನ್ಸಿಸ್ ವೆಲ್ಸ್ ಅವರೂ ಮದುವೆಯಾದರು. ಓದಿಗಾಗಿ ಹೊರಟ ದಂಪತಿ ಹತ್ತಿದ್ದ ಪ್ರಿನ್ಸೆಸ್ ಸೋಫಿಯಾ ಹಡಗು ಬಂಡೆಗೆ ಸಿಕ್ಕಿಕೊಂಡು ಅಕ್ಟೋಬರ್ 25ರಂದು ಮುಳುಗಿತು. ಅದರಲ್ಲಿದ್ದ 340ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಲಿಲ್ಲ. ಸ್ಟಕ್ ಆ ಕೊನೆಯ ಸಂಚಾರವನ್ನು ಪುಸ್ತಕವಾಗಿ ಬರೆದು 1920ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಕ್ಟೋಬರ್ 10ರಂದು ಫೋರ್ಟ್ ಯುಕಾನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಸ್ಥಳೀಯ ಜನರ ಸ್ಮಶಾನದಲ್ಲೇ ಅವರ ಸಮಾಧಿ ಇದೆ.

ಸ್ಟಕ್ ಅವರನ್ನು ಬರೀ ಹೊಗಳಿ ಮುಗಿಸುವುದು ಸರಿಯಲ್ಲ. ಅವರು ಧರ್ಮ ಪ್ರಚಾರಕರು. ಸ್ವಂತ ನಂಬಿಕೆಗಳಿದ್ದ ಜನರ ನಡುವೆ ಹೊರಗಿನ ನಂಬಿಕೆಯನ್ನು ಒಯ್ದವರು. ಅದೇ ಕಾಲದ ಅಲಾಸ್ಕದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ತಮ್ಮ ಭಾಷೆ ಆಡಿದರೆ ಶಿಕ್ಷೆ ಇತ್ತು. ಆ ವ್ಯವಸ್ಥೆಯ ಒಳಗೇ ಇದ್ದು, ಮಗು ಶಾಲೆಗೆ ಬರುವಾಗ ಏನನ್ನು ತಿಳಿದುಕೊಂಡು ಬಂದಿದೆ ಎಂದು ಮೊದಲು ನೋಡಿದ್ದು ಅವರಿಂದ ನಾವು ಕಲಿಯಬಹುದಾದ ಅಂಶ. ಪೂರ್ವಜ್ಞಾನ ಎಂಬ ಶೀರ್ಷಿಕೆಯ ಕೆಳಗೆ ನಾವು ಪಾಠಯೋಜನೆಯಲ್ಲಿ ಬರೆಯುವುದು ಹಿಂದಿನ ತರಗತಿಯ ಪಠ್ಯಾಂಶಗಳನ್ನು ಮಾತ್ರ.

ಮುಂದಿನ ವಾರ ನಾನು ತರಗತಿಯಲ್ಲಿ ಈ ಕಥೆ ಹೇಳಿದೆ. ಪ್ರಶ್ನೆ ಕೇಳಿದ್ದ ಹುಡುಗಿಗೆ ಉತ್ತರ ಸಿಕ್ಕಿತು. ಕೊನೆಯ ಬೆಂಚು ಖಾಲಿ ಇತ್ತು. ದೀಪಾವಳಿ ಮುಗಿದಿದ್ದರಿಂದ ಆ ಹುಡುಗ ಮನೆಯವರ ಜೊತೆ ಕುರಿ ಹಿಂಡಿನೊಂದಿಗೆ ಬೇರೆ ಸೀಮೆಗೆ ಹೋಗಿದ್ದ. ರಾತ್ರಿ ಬಯಲಲ್ಲಿ ಮಲಗುವವರು ಚಳಿಯನ್ನು ಹೇಗೆ ಅಳೆಯುತ್ತಾರೆ, ಮರಿಗಳನ್ನು ಹೇಗೆ ಬೆಚ್ಚಗಿಡುತ್ತಾರೆ ಎಂದು ಅವನನ್ನು ಕೇಳಿದ್ದರೆ ಶಾಖದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇರುತ್ತಿರಲಿಲ್ಲ. ನಾಲ್ಕು ವಾರ ಒಂದೇ ಕೋಣೆಯಲ್ಲಿದ್ದೂ ನಾನು ಕೇಳಲಿಲ್ಲ. ಅವನು ಮರಳುವಷ್ಟರಲ್ಲಿ ನನ್ನ ಬೋಧನಾಭ್ಯಾಸ ಮುಗಿದಿರುತ್ತದೆ. ಅವನ ತರಗತಿ ಶಿಕ್ಷಕರಿಗೆ ಈ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು ಬಂದಿದ್ದೇನೆ. ಎರಡನೆಯ ಹಂತದ ಬೋಧನಾಭ್ಯಾಸಕ್ಕೆ ಹೋಗುವ ಗೆಳೆಯ ಗೆಳತಿಯರು ಪರಿಹಾರ ಬೋಧನೆಯ ಪಟ್ಟಿ ಬರೆಯುವ ಮುನ್ನ ಆ ಮಕ್ಕಳ ಜೊತೆ ಒಮ್ಮೆ ಕೂತು ಮಾತನಾಡಲಿ ಎಂಬುದು ನನ್ನ ಕೋರಿಕೆ.