ಮನೋವೈದ್ಯ ಶಿಕ್ಷಣದ ಹರಿಕಾರ ಡಾ. ಎಂ. ವಿ. ಗೋವಿಂದಸ್ವಾಮಿ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅದಕ್ಕೆ ತಳಹದಿ ಹಾಕಿದ ಡಾ. ಎಂ. ವಿ. ಗೋವಿಂದಸ್ವಾಮಿ (1904–1961) ಅವರನ್ನು ನೆನೆಯುವವರು ಕಡಿಮೆ. ಚೆನ್ನೈನಲ್ಲಿ ನೆಲೆಸಿರುವ ನಾವೂ ಅವರಿಗೆ ಋಣಿಗಳು.

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೊಸ ಹೆಸರು ಬಂದಿತು. ಹೆಸರು ಬದಲಾದಷ್ಟು ಬೇಗನೆ ಜನರ ನಿರೀಕ್ಷೆ ಬದಲಾಗಲಿಲ್ಲ. ಅಲ್ಲಿ ಸೇರಿದವರು ಗುಣವಾಗಿ ಮನೆಗೆ ಮರಳುವರೆಂಬ ಭರವಸೆ ಬಹುಮಂದಿಗೆ ಇರಲಿಲ್ಲ. ಮುಂದೆ ಆ ಆಸ್ಪತ್ರೆಯ ಹೊಣೆ ಹೊತ್ತವರು ಗೋವಿಂದಸ್ವಾಮಿಯವರು.

ಅವರು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿಯೂ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರ್ ಅವರ ಬಳಿಯೂ ತರಬೇತಿ ಪಡೆದರು. ಮನೋರೋಗವೆಂದರೆ ಬದುಕಿನ ಸಂದರ್ಭಗಳಿಗೆ ಇಡೀ ವ್ಯಕ್ತಿ ತೋರುವ ಪ್ರತಿಕ್ರಿಯೆ ಎಂಬುದು ಮೇಯರ್ ಅವರ ನಿಲುವು. ಆದ್ದರಿಂದ ರೋಗಕ್ಕೊಂದು ಹೆಸರಿಟ್ಟರೆ ರೋಗನಿರ್ಣಯ ಮುಗಿಯುವುದಿಲ್ಲ. ರೋಗಿಯ ಬಾಲ್ಯ, ಮನೆತನ, ಉದ್ಯೋಗ, ಎದುರಿಸಿದ ಆಘಾತಗಳು ಎಲ್ಲವನ್ನೂ ವೈದ್ಯರು ಅರಿಯಬೇಕಾಗುತ್ತದೆ.

ಈ ದೃಷ್ಟಿ ಇಂದಿಗೂ ಉಪಯುಕ್ತ. ಪರೀಕ್ಷೆಯ ಮುನ್ನಾದಿನ ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ಒತ್ತಡಕ್ಕೆ ದೇಹವು ತೋರುವ ಸಹಜ ಪ್ರತಿಕ್ರಿಯೆ, ಅದು ರೋಗವಲ್ಲ. ಕಾರಣ ಕಳೆದ ಮೇಲೂ ಅದು ವಾರಗಟ್ಟಲೆ ಉಳಿದು ಊಟ, ನಿದ್ದೆ, ಕೆಲಸಗಳನ್ನು ಕೆಡಿಸಿದರೆ ವೈದ್ಯರ ಸಲಹೆ ಅಗತ್ಯ.

ಗೋವಿಂದಸ್ವಾಮಿಯವರು ತಮ್ಮ ಕಾಲದ ಹೊಸ ಚಿಕಿತ್ಸೆಗಳನ್ನು ಬೆಂಗಳೂರಿನಲ್ಲಿ ಪ್ರಯೋಗಿಸಿ, ಫಲಿತಾಂಶಗಳನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕಾರ್ಡಿಯಜಾಲ್ ಚುಚ್ಚುಮದ್ದು, ಮಿದುಳಿನ ಶಸ್ತ್ರಚಿಕಿತ್ಸೆಯಾದ ಲ್ಯೂಕಾಟಮಿ ಮುಂತಾದವನ್ನು ವೈದ್ಯಲೋಕವೇ ಮುಂದೆ ಕೈಬಿಟ್ಟಿತು. 1950ರ ದಶಕದಲ್ಲಿ ಪರಿಣಾಮಕಾರಿ ಔಷಧಗಳು ಬರುವವರೆಗೆ ವೈದ್ಯರ ಕೈಯಲ್ಲಿದ್ದ ಸಾಧನಗಳು ಅಷ್ಟೇ ಆಗಿದ್ದವು ಎಂಬುದನ್ನು ಮರೆಯಲಾಗದು.

ಕಾಲ ಕಳೆದರೂ ಉಳಿದದ್ದು ಅವರ ಶಿಕ್ಷಣಕಾರ್ಯ. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ಅಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಆವರಣದಲ್ಲಿ ತರಬೇತಿ ಪಡೆದರು; ದಾದಿಯರ ಶಿಕ್ಷಣವೂ ಆರಂಭವಾಯಿತು. ಆ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆಗಳು 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು.

ಆ ಸಂಸ್ಥೆಯಲ್ಲಿ ಮನೋವೈದ್ಯಶಾಸ್ತ್ರದ ಡಿಪ್ಲೊಮಾ ಪಡೆದವರಲ್ಲಿ ಮಂಗಳೂರಿನಲ್ಲಿ ಜನಿಸಿದ ಡಾ. ಶಾರದಾ ಮೆನನ್ ಒಬ್ಬರು. ಅವರು 1961ರಿಂದ 1978ರವರೆಗೆ ನಮ್ಮ ಕೀಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದು, 1984ರಲ್ಲಿ ಇದೇ ನಗರದಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಸ್ಕಾರ್ಫ್ ಸಂಸ್ಥೆಯನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಹಚ್ಚಿದ ದೀಪದ ಬೆಳಕು ಹೀಗೆ ಚೆನ್ನೈಗೂ ಹರಿದುಬಂದಿತು.

ಆದರೂ ನಮ್ಮ ಅನೇಕ ಕುಟುಂಬಗಳಲ್ಲಿ ಮಧುಮೇಹವನ್ನು ಹೇಳಿಕೊಳ್ಳುವಷ್ಟು ಸಹಜವಾಗಿ ಖಿನ್ನತೆಯನ್ನು ಹೇಳಿಕೊಳ್ಳುವುದಿಲ್ಲ. ಮಗಳ ಮದುವೆಗೆ ತೊಡಕಾದೀತೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಬಚ್ಚಿಟ್ಟ ರೋಗ ಬೆಳೆಯುತ್ತದೆ. ಸಕಾಲದಲ್ಲಿ ತೋರಿಸಿದರೆ ಹತೋಟಿಗೆ ಬರುವ ಸಾಧ್ಯತೆ ಹೆಚ್ಚು. ಮನೆಯವರು ಆಡುವ ಭರವಸೆಯ ಮಾತೂ ರೋಗಿಯ ಚೇತರಿಕೆಗೆ ಬಲ ನೀಡುತ್ತದೆ. ಸಂಕೋಚ ತೊರೆದು ವೈದ್ಯರ ಬಳಿಗೆ ಹೋಗುವುದೇ ಗೋವಿಂದಸ್ವಾಮಿಯವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.