ಚೆಂಡಿಗಿಲ್ಲದ ಮೈಲಿಗೆ ಚಹಾಕ್ಕೆ: ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ

ಭಾರತ ತನ್ನ ಮೊದಲ ಕ್ರಿಕೆಟ್ ಟೆಸ್ಟ್ ಆಡಿದ್ದು 1932ರಲ್ಲಿ. ಅದಕ್ಕೂ 21 ವರ್ಷ ಮೊದಲೇ ಇಂಗ್ಲೆಂಡ್ ನೆಲದಲ್ಲಿ 114 ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ಒಬ್ಬರು ಹುಟ್ಟಿದ್ದು ಧಾರವಾಡದಲ್ಲಿ. ಅವರೇ ಪಲ್ವಂಕರ್ ಬಾಲೂ.

1876ರಲ್ಲಿ ಚರ್ಮಕಾರ ಕುಟುಂಬದಲ್ಲಿ ಜನಿಸಿದ ಬಾಲೂ ಆಟ ಕಲಿತದ್ದು ಪುಣೆಯಲ್ಲಿ. ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳೇ ಅವರಿಗೂ ತಮ್ಮ ಶಿವರಾಂಗೂ ಆಟದ ಸಾಮಗ್ರಿ. ಪಾರ್ಸಿಗಳ ಕ್ಲಬ್‌ನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದ ಬಾಲೂ, ಮುಂದೆ ಬ್ರಿಟಿಷರ ಪೂನಾ ಕ್ಲಬ್‌ನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಸೇರಿದರು. ಜೆ.ಜಿ. ಗ್ರೇಗ್ ಅವರಂಥ ಹೆಸರಾಂತ ಬ್ಯಾಟ್ಸ್‌ಮನ್‌ಗಳಿಗೆ ಗಂಟೆಗಟ್ಟಲೆ ಚೆಂಡೆಸೆದು ಅವರ ಕೈ ಪಳಗಿತು. ಆದರೆ ಅಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಅವರಿಗೆ ಸಿಗಲಿಲ್ಲ.

ಯುರೋಪಿಯನ್ನರನ್ನು ಸೋಲಿಸುವ ಹಂಬಲದಲ್ಲಿದ್ದ ಪುಣೆಯ ಹಿಂದೂ ಕ್ಲಬ್‌ನಲ್ಲಿ, ಅಸ್ಪೃಶ್ಯರೆನಿಸಿದ್ದ ಬಾಲೂ ಅವರನ್ನು ಸೇರಿಸಿಕೊಳ್ಳುವ ಬಗ್ಗೆ ವಿವಾದವೆದ್ದಿತು. ಕೊನೆಗೆ ಗೆಲುವಿನ ಆಸೆಯೇ ಮೇಲುಗೈ ಪಡೆಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ಜಾಗ.

ಪ್ಲೇಗ್ ಹಾವಳಿಯ ನಂತರ ಬಾಲೂ ಬೊಂಬಾಯಿಗೆ ತೆರಳಿ ಅಲ್ಲಿನ ಹಿಂದೂ ಜಿಮ್ಖಾನಾ ತಂಡ ಸೇರಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಮಣಿಸಿದಾಗ ತಂಡದ ಪ್ರಮುಖ ಬೌಲರ್ ಅವರೇ. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದ ಭಾರತ ತಂಡ ಇಂಗ್ಲೆಂಡಿನಲ್ಲಿ ಹೆಚ್ಚಿನ ಪಂದ್ಯಗಳನ್ನು ಸೋತಿತು. ಆದರೆ ಬಾಲೂ 18.84ರ ಸರಾಸರಿಯಲ್ಲಿ ವಿಕೆಟ್ ಗಳಿಸಿ ಮೆಚ್ಚುಗೆಗೆ ಪಾತ್ರರಾದರು. ಶೋಷಿತ ಸಮುದಾಯಗಳಿಗೆ ಅವರು ಹೆಮ್ಮೆಯ ವ್ಯಕ್ತಿಯಾದರು. ಯುವಕ ಬಿ.ಆರ್. ಅಂಬೇಡ್ಕರ್ ಕೂಡ ಅವರ ಅಭಿಮಾನಿಯಾಗಿದ್ದರು.

ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ವಿಕೆಟ್‌ಗಳು ತಂಡದ ಬಾಗಿಲು ತೆರೆಸಿದವು, ಮನಸ್ಸುಗಳ ಬಾಗಿಲನ್ನಲ್ಲ. ಅಣ್ಣನನ್ನು ನೋಡಿ ಕ್ರಿಕೆಟ್‌ಗೆ ಬಂದ ಶಿವರಾಂ, ಗಣಪತ್, ವಿಠ್ಠಲ್ ಮೂವರೂ ಅಷ್ಟರಲ್ಲಿ ಹೆಸರು ಮಾಡಿದ್ದರು. 1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಬಾಲೂ ಅವರನ್ನು ಕಡೆಗಣಿಸಿದಾಗ ವಿಠ್ಠಲ್ ಮತ್ತು ಶಿವರಾಂ ತಂಡದಿಂದ ಹೊರಗುಳಿದು ಪ್ರತಿಭಟಿಸಿದರು. ಫೈನಲ್‌ಗೆ ಬಾಲೂ ಉಪನಾಯಕರಾಗಿ ಮರಳಿದರು. 1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾಗಿ ಪ್ರಶಸ್ತಿಯನ್ನೂ ಗೆದ್ದುಕೊಟ್ಟರು. ಗಾಂಧೀಜಿಯವರ ಅಸ್ಪೃಶ್ಯತಾ ವಿರೋಧಿ ಚಳವಳಿಯ ಆ ದಿನಗಳಲ್ಲಿ ಅದು ಆಟದ ಗೆಲುವಷ್ಟೇ ಆಗಿರಲಿಲ್ಲ.

33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್ ಪಡೆದ ಬಾಲೂ ನಂತರ ರಾಜಕೀಯಕ್ಕಿಳಿದರು. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅಂಬೇಡ್ಕರ್ ಅವರೊಂದಿಗೆ ಭಿನ್ನಾಭಿಪ್ರಾಯವಿದ್ದರೂ 1932ರ ಪೂನಾ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. 1937ರ ಬೊಂಬಾಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಬಾಲೂ ಎದುರಿಸಿದ್ದು ಅಂಬೇಡ್ಕರ್ ಅವರನ್ನೇ. ಅಂಬೇಡ್ಕರ್ 13,245 ಮತ ಪಡೆದರೆ, ಬಾಲೂ 11,225 ಮತಗಳಿಸಿ ಸೋತರು.

1955ರಲ್ಲಿ ಬಾಲೂ ನಿಧನರಾದರು. ಅಸ್ಪೃಶ್ಯತೆಯ ಆಚರಣೆಯನ್ನು ಸಂವಿಧಾನ ರದ್ದುಪಡಿಸಿ ಆಗ ಐದು ವರ್ಷವಾಗಿತ್ತು. ತಮಗೆ ಸಿಗದ ನಾಯಕತ್ವವನ್ನು ತಮ್ಮನ ಕೈಯಲ್ಲಿ ಕಾಣುವ ಭಾಗ್ಯ ಮಾತ್ರ ಅವರಿಗೆ ಬಹು ಮೊದಲೇ ಒದಗಿತ್ತು.