ಎಲಿಜಾ ಮೆಕಾಯ್

ಅಡಿವಾರದಿಂದ ಲಕ್ಕಿಡಿಗೆ ಒಂಬತ್ತು ತಿರುವುಗಳ ಘಾಟಿ ಹತ್ತಿ ನಾವು ವಯನಾಡು ಸೇರುವಾಗ, ಬಸ್ಸಿನ ಗೇರ್ ಪೆಟ್ಟಿಗೆಯೊಳಗೆ ಚಕ್ರದ ಹಲ್ಲಿಗೆ ಹಲ್ಲು ಉಜ್ಜಿ ಬಿಸಿ ಏಳುತ್ತಿರುತ್ತದೆ. ತಿರುಗುವ ಚಕ್ರಗಳೇ ತಳದ ಎಣ್ಣೆಯನ್ನು ಮೈಮೇಲೆ ಎರಚಿಕೊಳ್ಳುತ್ತವೆ. ಆ ಎಣ್ಣೆ ಸವೆತವನ್ನು ತಡೆಯುತ್ತದೆ. ಬಿಸಿಯನ್ನು ಪೆಟ್ಟಿಗೆಯ ಗೋಡೆಗೆ ಒಯ್ಯುತ್ತದೆ, ಅಲ್ಲಿಂದ ಅದು ಗಾಳಿಗೆ ಸೇರುತ್ತದೆ. ಹಿಂದಿನ ಉಗಿಬಂಡಿಗಳಿಗೆ ಇಂಥ ಅನುಕೂಲವಿರಲಿಲ್ಲ. ಎಣ್ಣೆ ಹಾಕಲೆಂದೇ ರೈಲನ್ನು ಆಗಾಗ ನಿಲ್ಲಿಸಬೇಕಾಗಿತ್ತು. ಈ ತೊಡಕನ್ನು ಬಿಡಿಸಿದವರಲ್ಲಿ ಎಲಿಜಾ ಮೆಕಾಯ್ ಒಬ್ಬನು.

ಅವನು 1844ರಲ್ಲಿ ಕೆನಡಾದ ಕಾಲ್ಚೆಸ್ಟರಿನಲ್ಲಿ ಹುಟ್ಟಿದನು. ತಂದೆತಾಯಿಗಳು ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಬಂದವರು. ಅಂಥವರು ಹದಿನೈದು ವರ್ಷದ ಮಗನನ್ನು ಸಮುದ್ರದಾಚೆ ಎಡಿನ್‌ಬರೊ ನಗರಕ್ಕೆ ಯಂತ್ರವಿದ್ಯೆ ಕಲಿಯಲು ಕಳುಹಿಸಿದರೆಂದರೆ ಸಾಮಾನ್ಯವೇ? ಇಂಜಿನಿಯರಾಗಿ ಮರಳಿದರೂ ಕಪ್ಪು ಜನಾಂಗದವನಿಗೆ ಆ ಹುದ್ದೆ ಕೊಡುವವರಿರಲಿಲ್ಲ. ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಸಿಕ್ಕಿದ್ದು ಒಲೆಗೆ ಕಲ್ಲಿದ್ದಲು ತುಂಬುವ, ಯಂತ್ರಕ್ಕೆ ಎಣ್ಣೆ ಬಿಡುವ ಕೆಲಸ.

ಆ ಕೆಲಸದಲ್ಲಿಯೇ ಅವನ ಬುದ್ಧಿ ಓಡಿತು. ಉಗಿಯ ಒತ್ತಡದಿಂದಲೇ ನಡೆದು, ಬಂಡಿ ಓಡುತ್ತಿರುವಾಗಲೇ ಎಣ್ಣೆ ಒದಗಿಸುವ ಬಟ್ಟಲಿಗೆ 1872ರಲ್ಲಿ ಪೇಟೆಂಟ್ ಪಡೆದನು. ಮುಂದೆ ಹೆಚ್ಚು ಕಾವಿನ ಉಗಿಯ ಎಂಜಿನುಗಳು ಬಂದವು. ಬರಿಯ ಎಣ್ಣೆ ಅವಕ್ಕೆ ಸಾಲದಾಯಿತು. 1915ರಲ್ಲಿ ಮೆಕಾಯ್ ಎಣ್ಣೆಯೊಡನೆ ಗ್ರಾಫೈಟ್ ಪುಡಿ ಒದಗಿಸುವ ಸಾಧನ ಮಾಡಿದನು. ನಮ್ಮ ಪೆನ್ಸಿಲ್ ಕಡ್ಡಿಯಲ್ಲಿರುವುದೂ ಗ್ರಾಫೈಟೇ!

ಅವನ ಪೇಟೆಂಟುಗಳು ಐವತ್ತಕ್ಕೂ ಹೆಚ್ಚು. ಕೈಯಲ್ಲಿ ಹಣವಿಲ್ಲದೆ ಹಲವನ್ನು ಪರರಿಗೆ ಮಾರಬೇಕಾಯಿತು. ಸ್ವಂತ ಹೆಸರಿನ ಕಂಪೆನಿ ತೆರೆದದ್ದು 1920ರಲ್ಲಿ, ಎಪ್ಪತ್ತು ದಾಟಿದ ಮೇಲೆ. 1929ರಲ್ಲಿ ತೀರಿಕೊಂಡನು.